ಆರು ಬಾಟಲಿ, ಒಂದೇ ನೀರು

2004ರ ಫೆಬ್ರವರಿಯಲ್ಲಿ ಕಾರವಾರದ ನಮ್ಮ ಪ್ರಯೋಗಾಲಯವು ಅಂಕೋಲಾ ತಾಲೂಕಿನ ಹೊಳೆಬದಿಯ ಒಂದು ಕೇರಿಯ ಆರು ಮನೆಗಳಿಗೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಹಂಚಿತು. ತಿಂಗಳಿಗೊಮ್ಮೆ ಆಯಾ ಮನೆಯವರು ತಮ್ಮ ಬಾವಿಯ ನೀರನ್ನು ಅದರಲ್ಲಿ ತುಂಬಿಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಬೇಕು, ನಾವು ಪರೀಕ್ಷಿಸಬೇಕು ಎಂಬುದು ಏರ್ಪಾಡು. ಕೇರಿಯ ಪಕ್ಕದ ಸಿಗಡಿ ಹೊಂಡಗಳಿಗೆ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಜಿಲ್ಲೆಯ ಒಂದು ಸಮಿತಿ ಆ ಮಳೆಗಾಲದ ಆರಂಭದಲ್ಲಿ ನಿರ್ಧರಿಸಲಿತ್ತು. ಬಾವಿಗಳು ಉಪ್ಪಾಗಿವೆಯೇ ಎಂದು ಅದು ನಮ್ಮನ್ನು ಕೇಳಿತ್ತು.

ನಾನು ಆಗ ಆ ಪ್ರಯೋಗಾಲಯದ ನೀರಿನ ವಿಭಾಗದಲ್ಲಿದ್ದೆ. ಧಾರವಾಡದಲ್ಲಿ ಓದು ಮುಗಿಸಿ ಬಂದು ಕೆಲವು ವರ್ಷಗಳಾಗಿದ್ದವು. ಚಿತ್ತಾಕುಲದ ನಮ್ಮ ಮನೆಯಿಂದ ದಿನವೂ ಕಾಳಿ ಸೇತುವೆ ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಅಷ್ಟರೊಳಗೆ ಪೇಟೆಯ ಗಟಾರಗಳ ನೀರು, ಮೀನು ಮಾರುಕಟ್ಟೆಯ ಹಿಂದಿನ ಕಾಲುವೆ, ಕದ್ವಾಡದ ಕಡೆಯ ಹಿನ್ನೀರು ಎಲ್ಲವನ್ನೂ ಅಳೆದು ಬರೆದಿದ್ದೆ. ವರದಿ ಹೋಗುತ್ತಿತ್ತು, ಸ್ವೀಕೃತಿ ಬರುತ್ತಿತ್ತು, ಗಟಾರ ಮೊದಲಿನಂತೆಯೇ ಹರಿಯುತ್ತಿತ್ತು. ಅಂಕೋಲೆಯ ಕೆಲಸ ಬಂದಾಗ ನನಗೆ ಸ್ವಲ್ಪ ಉತ್ಸಾಹ ಬಂದಿತ್ತು. ನನ್ನ ಅಂಕಿಗಳಿಗಾಗಿ ಯಾರೋ ನಿಜವಾಗಿ ಕಾಯುತ್ತಿದ್ದದ್ದು ಅದೇ ಮೊದಲು.

ಆ ಕೇರಿ ಇರುವುದು ಗಜನಿಯ ಅಂಚಿನಲ್ಲಿ. ಉಬ್ಬರ ಬಂದಾಗ ಹೊಳೆಯ ಉಪ್ಪುನೀರು ಒಳಗೆ ಬರುವ ತಗ್ಗು ಗದ್ದೆಗಳಿಗೆ ನಮ್ಮ ಕಡೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಉಳಿದ ಕಾಲದಲ್ಲಿ ಮೀನು ಹಿಡಿಯುತ್ತಿದ್ದರು. ಮಳೆ ಬಂದು ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಸಿಗಡಿಗಾಗಿ ಗದ್ದೆಗಳನ್ನು ಗುತ್ತಿಗೆಗೆ ಪಡೆದವರು ಅವುಗಳನ್ನು ಆಳಕ್ಕೆ ಅಗೆಸಿ, ಸುತ್ತ ಎತ್ತರದ ಏರಿ ಕಟ್ಟಿಸಿ, ಪಂಪಿನಿಂದ ಉಪ್ಪುನೀರು ತುಂಬಿಸಿ ವರ್ಷದ ಹೆಚ್ಚಿನ ಕಾಲ ನಿಲ್ಲಿಸಿದರು. ನಿಂತ ನೀರು ಕೆಳಗೆ ಇಳಿಯಿತು. ಇದು ಪುಸ್ತಕದಲ್ಲಿ ಒಂದು ಪ್ಯಾರಾದಲ್ಲಿ ಮುಗಿಯುವ ಸಂಗತಿ. ಅದನ್ನು ಆ ಒಂದು ಕೇರಿಯ ಮಟ್ಟಿಗೆ ಸಾಬೀತು ಮಾಡುವುದಷ್ಟೇ ನಮ್ಮ ಕೆಲಸವಾಗಿತ್ತು.

ಬಾಟಲಿಗಳನ್ನು ಮನೆಯವರ ಕೈಗೇ ಕೊಟ್ಟದ್ದಕ್ಕೆ ಎರಡು ಕಾರಣ. ಜೀಪು ನಮ್ಮ ವಿಭಾಗಕ್ಕೆ ಸಿಗುತ್ತಿರಲಿಲ್ಲ. ಇನ್ನೊಂದು, ಜನರೇ ತಮ್ಮ ನೀರಿನ ಮೇಲೆ ಕಣ್ಣಿಡಬೇಕು ಎಂಬ ಮಾತು ಆಗ ಎಲ್ಲ ಯೋಜನೆಗಳಲ್ಲೂ ಇತ್ತು. ಅದರ ಜೊತೆಗೇ ಬಂದ ನಿಯಮವೊಂದಿತ್ತು. ಪ್ರತಿ ತಿಂಗಳ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಮನೆವಾರು ಹಾಕಬೇಕು. ಕುಡಿಯಲು ಯೋಗ್ಯವಾದ ಬಾವಿಯನ್ನು ಹಸಿರು ಶಾಯಿಯಲ್ಲಿ, ಅಲ್ಲದ್ದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಓದಲು ಬಾರದವರಿಗೂ ತಿಳಿಯಲಿ ಎಂಬ ಉದ್ದೇಶ.

ಬಾಟಲಿ ತುಂಬುವ ಕ್ರಮವನ್ನು ತೋರಿಸಲು ನಾನು ಕೇರಿಗೆ ಹೋದೆ. ಅದೇ ಬಾವಿಯ ನೀರಿನಿಂದ ಮೊದಲು ಬಾಟಲಿ ಗಲಬರಿಸಿ ತೊಳೆಯಬೇಕು, ಕಂಠದವರೆಗೆ ತುಂಬಬೇಕು, ಗಾಳಿ ಉಳಿಯದಂತೆ ಮುಚ್ಚಳ ಹಾಕಬೇಕು. ಬಸಳೆ ಚಪ್ಪರವಿದ್ದ ಒಂದು ಮನೆಯ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಆ ಮನೆಯ ಹೆಂಗಸಿಗೆ ಐವತ್ತರ ಆಸುಪಾಸು. ಬಸಳೆ, ಹರಿವೆ, ಬೆಂಡೆ ಬೆಳೆದು ಅಂಕೋಲೆ ಪೇಟೆಗೆ ಒಯ್ದು ಮಾರುತ್ತಿದ್ದಳು. ಗಂಡ ತೀರಿಕೊಂಡಿದ್ದ. ಮಗ ಪೇಟೆಯ ಒಂದು ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುತ್ತಾರೆ. ಚೀಲ ಹಿಡಿದು ಬಂದ ಓದಿದ ಹೆಂಗಸರೆಲ್ಲ ಅವಳಿಗೆ ಅಕ್ಕೋರೇ.

ನಾನು ಬಾಟಲಿ ಗಲಬರಿಸಿ ತೋರಿಸುವುದನ್ನು ನೋಡಿ ಅವಳು ಪಕ್ಕದ ಮನೆಯವಳಿಗೆ ಹೇಳಿದಳು: "ಕೊಡಪಾನ ತೊಳೂಕೆ ಕಲ್ಸೂಕೆ ಕಾರ್ವಾರದಿಂದ ಬಂದಾರೆ ನೋಡೇ. ನಾವು ಇಷ್ಟು ವರ್ಷ ತೊಳೀದೇನೇ ಕುಡದ್ವೇನೋ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗು ನಿಂತ ಮೇಲೆ ಅವಳು ಚಪ್ಪರದ ಹತ್ತಿರ ಕರೆದುಕೊಂಡು ಹೋಗಿ ಎಲೆಗಳನ್ನು ತೋರಿಸಿದಳು. ಅಂಚು ಸುಟ್ಟಂತೆ ಕಂದಾಗಿತ್ತು. ಹರಿವೆಯ ಮಡಿಯಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. "ಹೋದ ವರ್ಷ ಬೇಸ್ಗೇಲಿ ಸುರುವಾದದ್ದು. ಈ ಸಲ ಈಗ್ಲೇ ಹಿಂಗೆ. ಎಂತಾ ಔಷಧಿ ಹಾಕ್ಬೇಕು ಅಕ್ಕೋರೆ?"

ಔಷಧಿ ಇಲ್ಲ, ಬಾವಿಗೆ ಉಪ್ಪು ಬರುವುದು ನಿಲ್ಲಬೇಕು ಎಂದೆ. ಹೊಂಡದ ವಿಷಯ, ಸಮಿತಿಯ ವಿಷಯ ಹೇಳಿದೆ. ನಾಲ್ಕು ತಿಂಗಳ ನೀರು ಉಪ್ಪೆಂದು ತೋರಿದರೆ ಪರವಾನಗಿ ನಿಲ್ಲಬಹುದು ಎಂದೆ. ಎಲ್ಲರೂ ಕೇಳಿಸಿಕೊಂಡರು.

ಫೆಬ್ರವರಿಯ ಬಾಟಲಿಗಳು ಬಂದವು. ನೀರಿನ ಉಪ್ಪನ್ನು ಅಳೆಯುವ ವಿಧಾನ ಹಳೆಯದು. ನೀರಿಗೆ ಹಳದಿ ಬಣ್ಣದ ಒಂದು ದ್ರಾವಣ ಹಾಕಿ, ಮೇಲಿನಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡಬೇಕು. ಉಪ್ಪಿದ್ದಷ್ಟು ಹೊತ್ತು ನೀರು ಮೊಸರೊಡೆದಂತೆ ಬೆಳ್ಳಗೆ ಗಂಟುಗಂಟಾಗುತ್ತದೆ. ಉಪ್ಪು ಮುಗಿದ ಕ್ಷಣ ಹಳದಿ ಹೋಗಿ ಇಟ್ಟಿಗೆಯ ಬಣ್ಣ ಬರುತ್ತದೆ. ಆರೂ ಬಾಟಲಿಗಳ ನೀರಿನಲ್ಲಿ ಆ ಬಣ್ಣ ಬರಲು ಬಹಳ ಹೊತ್ತು ಹಿಡಿಯಿತು. ಆರೂ ಮನೆಗಳ ಹೆಸರು ಪಂಚಾಯಿತಿ ಫಲಕದಲ್ಲಿ ಕೆಂಪು ಶಾಯಿಯಲ್ಲಿ ಬಂದವು.

ಮಾರ್ಚಿನ ಬಾಟಲಿಗಳು ಬಂದಾಗ ನಾಲ್ಕಾರು ಹನಿಗೆ ಇಟ್ಟಿಗೆಯ ಬಣ್ಣ ಬಂತು. ಆರಕ್ಕೆ ಆರೂ. ದ್ರಾವಣ ಹಾಳಾಗಿರಬೇಕೆಂದು ಹೊಸದಾಗಿ ಕಲಸಿದೆ. ಮತ್ತೆ ಅದೇ. ವಾಹಕತೆಯ ಮೀಟರ್ ಅದ್ದಿ ನೋಡಿದೆ. ಅದೂ ಸಿಹಿನೀರೆಂದೇ ಹೇಳಿತು. ಬೇಸಿಗೆ ಏರುತ್ತಿರುವಾಗ ಹೊಳೆಬದಿಯ ಬಾವಿಗಳು ಸಿಹಿಯಾಗುವುದಿಲ್ಲ.

ಆಮೇಲೆ ಗಡಸುತನವನ್ನೂ ಕಬ್ಬಿಣದ ಅಂಶವನ್ನೂ ನೋಡಿದೆ. ಆ ಕೇರಿಯ ಬಾವಿಗಳು ಚಿಪ್ಪು ಬೆರೆತ ಮರಳಿನಲ್ಲಿವೆ. ನೀರು ಗಡಸು, ಒಂದು ಬಾವಿಯ ನೀರಿನಂತೆ ಇನ್ನೊಂದರದು ಇರುವುದಿಲ್ಲ. ಮಾರ್ಚಿನ ಆರೂ ಬಾಟಲಿಗಳ ನೀರು ಮೃದುವಾಗಿತ್ತು, ಆರರಲ್ಲೂ ಒಂದೇ ಪ್ರಮಾಣದಲ್ಲಿ ಕಬ್ಬಿಣದ ಅಂಶ ಇತ್ತು. ಕಬ್ಬಿಣ ಬರುವುದು ಕೆಂಪು ಚಿರೆಕಲ್ಲಿನ ನೆಲದಿಂದ. ಕೇರಿಗೆ ಹೋದಾಗ ಚಿರೆಕಲ್ಲಿನ ಬಾವಿ ನಾನು ನೋಡಿದ್ದು ಒಂದೇ. ಗುಡ್ಡದ ಬುಡದಲ್ಲಿ, ಮನೆಗಳಿಂದ ದೂರ, ಮೇಲಿನ ಬಾವಿ ಎಂದು ಕರೆಯುತ್ತಿದ್ದದ್ದು. ಆರು ಬಾಟಲಿಗಳಲ್ಲಿ ಬಂದದ್ದು ಒಂದೇ ಬಾವಿಯ ನೀರು.

ಇದನ್ನು ಬರೆದು ನಮ್ಮ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಬಾಟಲಿ ಮೇಲೆ ಮನೆಯ ಹೆಸರು ಇದೆ ತಾನೆ?"

"ಇದೆ ಸರ್."

"ಸಹಿ?"

"ಇದೆ."

"ಬಂದ ನೀರನ್ನು ಪರೀಕ್ಷೆ ಮಾಡೋದು ನಮ್ಮ ಕೆಲಸ. ಎಲ್ಲಿಂದ ತುಂಬಿದ್ರಿ ಅಂತ ಕೇಳೋಕೆ ನಾವು ಪೊಲೀಸರಲ್ಲ. ಇದನ್ನ ಕಳಿಸಿ. ಏಪ್ರಿಲ್‌ದು ಬರಲಿ, ನೋಡೋಣ."

ಮಾರ್ಚಿನದು ಸಮಿತಿಗೆ ಹೋಯಿತು. ಫಲಕದಲ್ಲಿ ಹಸಿರು ಶಾಯಿಯಲ್ಲಿ ಬಂತು. ಏಪ್ರಿಲಿನದೂ ಹಾಗೆಯೇ. ಮೇ ತಿಂಗಳ ಬಾಟಲಿಗಳೂ ಅದೇ ನೀರನ್ನು ಹೊತ್ತು ಬಂದ ಮೇಲೆ ನಾನು ಒಂದು ಭಾನುವಾರ ಬಸ್ಸು ಹತ್ತಿ ಅಂಕೋಲೆಗೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು. ಚೀಲದಲ್ಲಿ ಮೀಟರ್ ಮತ್ತು ಆರು ಖಾಲಿ ಬಾಟಲಿಗಳಿದ್ದವು.

ಬಸಳೆ ಚಪ್ಪರದ ಮನೆಯವಳು ಅಂಗಳದಲ್ಲಿ ಉರುವಲಿಗೆ ತೆಂಗಿನ ಕೊತ್ತಳಿಗೆ ಒಟ್ಟುತ್ತಿದ್ದಳು.

"ಓ, ಅಕ್ಕೋರು! ಬನ್ನಿ, ಬನ್ನಿ. ಬಸ್ಸಿಗೆ ಬಂದ್ರಾ? ಸರ್ಕಾರ ಒಂದು ಜೀಪ್ ಕೊಡೂಲಾ ನಿಮಗೆ? ನಮ್ಮ ಶೆಟ್ಲಿ ಸಾವ್ಕಾರನೇ ಅಡ್ಡಿಲ್ಲ ಹಂಗಾರೆ, ಬೈಕಾದ್ರೂ ಅದೆ."

ಶೆಟ್ಲಿ ಎಂದರೆ ಸಿಗಡಿ. ಹೊಂಡಗಳ ಗುತ್ತಿಗೆದಾರನಿಗೆ ಆ ಕೇರಿಯಲ್ಲಿ ಅದೇ ಹೆಸರು.

ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟಳು. ನಮ್ಮ ಕಡೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಕುಡಿದೆ. ತಂಪಾದ, ಸ್ವಲ್ಪ ಕಬ್ಬಿಣದ ರುಚಿಯ, ಒಳ್ಳೆಯ ನೀರು.

"ಇದು ಯಾವ ಬಾವೀದು?"

"ಕುಡೀರಿ ಮೊದ್ಲು. ಬಾಂವಿ ಜಾತಿ ಕೇಳೂಕೆ ಬಂದ್ರಾ?"

"ನಿಮ್ಮ ಬಾವಿಯ ನೀರು ಒಂದು ಕೊಡ ಸೇದಿ ಕೊಡಿ."

"ಹಗ್ಗ ಹರದದೆ."

ಹಗ್ಗ ಬಾವಿಕಟ್ಟೆಯ ಮೇಲೆ ಸುತ್ತಿಟ್ಟದ್ದು ಅಲ್ಲಿಂದಲೇ ಕಾಣುತ್ತಿತ್ತು. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಸುಳ್ಳು ಹೇಳೂಕೂ ಬರೂಲಾ ಇವ್ಳಿಗೆ. ಅದೇ ಹಗ್ಗದಲ್ಲಿ ಬೆಳಿಗ್ಗೆ ಪಾತ್ರೆ ತೊಳೂಕೆ ಸೇದಿದ್ಳು."

"ನೀ ಸುಮ್ನಿರೇ. ನಿನ್ನ ಬಾಟ್ಲಿನೂ ನಮ್ ಸಂಗ್ತೀಗೇ ತುಂಬದ್ದು ಅಲ್ಲಾ?"

ಅಷ್ಟು ಹೊತ್ತಿಗೆ ಎಲ್ಲವೂ ಹೊರಗೆ ಬಂದಂತಾಯಿತು. ಪಕ್ಕದವಳು ಬೇಲಿ ದಾಟಿ ಬಂದು ಜಗಲಿಯ ಮೇಲೆ ಕೂತಳು. ನಾನೂ ಕೂತೆ. ಬಸಳೆ ಚಪ್ಪರದ ಮನೆಯವಳು ನಿಂತೇ ಮಾತಾಡಿದಳು.

ಫೆಬ್ರವರಿಯ ಫಲಕ ಹಾಕಿದ ದಿನ ಸಂತೆ. ಪಂಚಾಯಿತಿ ಮುಂದೆ ಜನ ಇದ್ದರು. "ಶಾಲಿ ಮಕ್ಕಳು ನಿಂತ್ಕಂಡು ದೊಡ್ಡದಾಗಿ ಓದೂದು. ಯಾರ ಮನಿ, ಯಾರ ಬಾಂವಿ, ಎಲ್ಲ. ನಮ್ಮ ಮಾಣಿಗೆ ಒಂದು ಹೆಣ್ಣು ಗೊತ್ತಾಗೂ ಹಂಗೆ ಇತ್ತು ಅಕ್ಕೋರೆ. ಅವ್ರ ಸೋದರಮಾವ ಅದೇ ಸಂತಿಗೆ ಬಂದಿದ್ದ. ಓದ್ದ. ಹೋದ. ಆಮೇಲೆ ಸುದ್ದೀನೇ ಇಲ್ಲ."

"ಉಪ್ಪು ನೀರಿನ ಮನಿಗೆ ಹೆಣ್ಣು ಯಾರು ಕೊಡ್ತಾರೆ? ದಿನಾ ಗುಡ್ಡಕ್ಕೆ ಹೋಗಿ ನೀರು ಹೊರೂಕೆ ಯಾರ ಮಗಳಾದ್ರೂ ಯೆಂತಕೆ ಬರ್ತಳು?" ಎಂದಳು ಪಕ್ಕದವಳು. ಅವಳಿಗಿದ್ದದ್ದು ಮಗಳು, ಹೆಣ್ಣು ತರಬೇಕಾದ ಮಗನಲ್ಲ. ಆದರೂ ಅವಳೂ ತುಂಬಿಸಿದ್ದಳು. ಯಾಕೆಂದು ಕೇಳಿದೆ.

"ಐದು ಮನಿ ಹಸ್ರು, ನಮ್ಮದೊಂದೇ ಕೆಂಪು ಆದ್ರೆ ಹೆಂಗೆ? ಎಲ್ಲರೂ ಒಟ್ಟಿಗೇ ಹೋಗಿ ಮೇಲಿನ ಬಾಂವೀಲಿ ತುಂಬ್ಕಂಡು ಬಂದ್ವಿ. ನೀವು ಹೇಳ್ದಂಗೇ ಗಲಬರ್ಸಿ, ಕಂಠದವರೆಗೆ."

ಬಾಟಲಿಗಳಲ್ಲಿ ಗಾಳಿ ಒಂದು ಗುಳ್ಳೆಯಷ್ಟೂ ಇರಲಿಲ್ಲ ಎಂಬುದು ನನಗೂ ನೆನಪಿತ್ತು.

ಸಮಿತಿಯ ವಿಷಯ ಮತ್ತೆ ಹೇಳಿದೆ. ನಿಮ್ಮ ಬಾವಿ ಸಿಹಿಯಾಗಿದೆ ಎಂದು ನೀವೇ ಬರೆದುಕೊಟ್ಟಂತಾಗಿದೆ, ಹೊಂಡ ಉಳಿಯುತ್ತದೆ ಎಂದೆ.

"ಗೊತ್ತದೆ," ಎಂದಳು ಬಸಳೆ ಚಪ್ಪರದ ಮನೆಯವಳು. "ಅವತ್ತೇ ಹೇಳಿದ್ರಿ. ಈಗ ಹಿಲ್ಲೂರವ್ರು ಕೇಳ್ಯಾರೆ. ಒಳ್ಳೆ ಜನ. ಅವ್ರ ಊರಲ್ಲಿ ಗುಡ್ಡದಿಂದ ನೀರು ತನ್ನಾಗೇ ಅಂಗಳಕ್ಕೆ ಇಳೀತದೆ. ಹೊಂಡ ಇವತ್ತೂ ಅದೆ, ನಾಳಿಗೂ ಇರ್ತದೆ. ಮಾಣಿ ವಯಸ್ಸು ನಿಲ್ತದಾ?"

ಆಮೇಲೆ ಅವಳೇ ಕೇಳಿದಳು. "ಒಂದು ಹೇಳಿ. ಹೊಂಡ ಮುಚ್ಚಿದ್ರೆ ನಮ್ಮ ಬಾಂವಿ ಯಾವಾಗ ಸಿಹಿ ಆಗ್ತದೆ?"

"ಕೆಲವು ಮಳೆಗಾಲ ಬೇಕು."

"ಕೆಲವು ಅಂದ್ರೆ?"

"ಖಾತ್ರಿ ಹೇಳೋಕೆ ಬರೋದಿಲ್ಲ."

"ಮುಚ್ದೇ ಇದ್ರೆ?"

"ಆಗೋದಿಲ್ಲ."

ಅವಳು ತಲೆಯಾಡಿಸಿದಳು. ಬಾವಿಕಟ್ಟೆಗೆ ಹೋಗಿ ಹಗ್ಗ ಬಿಚ್ಚಿ, ಬಾವಿಗೆ ಕೊಡ ಇಳಿಬಿಟ್ಟಳು. "ತುಂಬ್ಕಳಿ. ಬೋರ್ಡಿಗೆ ಮಾತ್ರ ಹಾಕ್ಬೇಡಿ ಅಕ್ಕೋರೆ. ಹಿಲ್ಲೂರವ್ರು ಮನಿ ನೋಡೂಕೆ ಬರೂ ತನ್ಕ."

ಆರೂ ಬಾವಿಗಳಿಂದ ನಾನೇ ತುಂಬಿಸಿಕೊಂಡೆ. ಮೀಟರ್ ಇಳಿಬಿಟ್ಟು ಅಲ್ಲೇ ಓದಿಕೊಂಡೆ. ಫೆಬ್ರವರಿಗಿಂತ ಹೆಚ್ಚು ಉಪ್ಪಾಗಿತ್ತು. ಅವಳ ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೂ ತಿಳಿಯುತ್ತಿತ್ತು. ಹೊರಡುವಾಗ ಅವಳು ಒಂದು ಕಟ್ಟು ಹರಿವೆ ಕೊಟ್ಟಳು. ದಂಟು ಸಣ್ಣದಿತ್ತು. ಅದನ್ನು ಬಾಟಲಿಗಳ ಮೇಲಿಟ್ಟುಕೊಂಡು ಕಾರವಾರದ ಬಸ್ಸು ಹತ್ತಿದೆ.

ಸೋಮವಾರ ಪರೀಕ್ಷೆ ಮಾಡಿ ಎರಡು ಫಲಿತಾಂಶಗಳನ್ನೂ ಅಕ್ಕಪಕ್ಕದಲ್ಲಿ ಬರೆದು, ಮಾರ್ಚ್‌ನಿಂದ ಮೇವರೆಗಿನ ಬಾಟಲಿಗಳು ಆ ಬಾವಿಗಳ ನೀರಲ್ಲ ಎಂಬುದಕ್ಕೆ ಗಡಸುತನ, ಕಬ್ಬಿಣದ ವಿವರ ಸೇರಿಸಿ ಮುಖ್ಯಸ್ಥರಿಗೆ ಕೊಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸಮಿತಿಗೆ ಕಳಿಸಲು ಒಪ್ಪಿದರು. ಫಲಕಕ್ಕೆ ಹಾಕದಿರಲೂ ಒಪ್ಪಿದರು. ಮೇ ತಿಂಗಳಲ್ಲಿ ಪಂಚಾಯಿತಿಯ ಫಲಕಕ್ಕೆ ನಮ್ಮ ಹೊಸ ಹಾಳೆ ಹೋಗಲಿಲ್ಲ. ಏಪ್ರಿಲಿನ ಹಸಿರು ಹಾಳೆಯೇ ಮುಂದುವರಿಯಿತು.

ಸಮಿತಿ ಸಭೆ ಸೇರಿದ ದಿನ ಕಾರವಾರದಲ್ಲಿ ಜೋರು ಮಳೆ. ಗುತ್ತಿಗೆದಾರ ವಕೀಲರನ್ನು ಕರೆತಂದಿರಲಿಲ್ಲ. ಬಿಳಿ ಅಂಗಿ ಹಾಕಿಕೊಂಡು, ಛತ್ರಿಯನ್ನು ಬಾಗಿಲಲ್ಲಿ ಒರಗಿಸಿ ಬಂದು ಕೂತಿದ್ದ. ನನಗೆ ಕೈಮುಗಿದ. ತನ್ನ ಸರದಿ ಬಂದಾಗ ಎದ್ದು ಹೇಳಿದ:

"ಮೇಡಂ ಬಗ್ಗೆ ನಂಗೆ ಗೌರವ ಅದೆ. ಅವ್ರದೇ ಆಫೀಸು ಮೂರು ತಿಂಗಳು ಹಸಿರು ಅಂದದೆ. ಅವ್ರದೇ ಆಫೀಸು ಒಂದಿನ ಕೆಂಪು ಅಂತದೆ. ಆ ಕೆಂಪನ್ನ ಬೋರ್ಡಿಗೆ ಯೆಂತಕೆ ಹಾಕ್ಲಿಲ್ಲ? ಖರೇ ಇದ್ರೆ ಹಾಕ್ತಿದ್ರು ಅಲ್ವಾ? ನಾನು ಓದಿದವ ಅಲ್ಲ, ಯಾವುದು ನಂಬೂದು ನೀವೇ ಹೇಳಿ."

ಅಧ್ಯಕ್ಷರು ನನ್ನನ್ನು ಕೇಳಿದರು. ಬಾಟಲಿಗಳ ವಿಷಯ ಹೇಳಿದೆ. ಗಡಸುತನ ಎಂದೆ, ಕಬ್ಬಿಣ ಎಂದೆ. ಸದಸ್ಯರೊಬ್ಬರು, ಹಾಗಾದರೆ ಮನೆಯವರೇ ಬಂದು ನಾವು ಬೇರೆ ಬಾವಿಯ ನೀರು ತುಂಬಿಸಿದ್ದೆವು ಎಂದು ಹೇಳಬಹುದಲ್ಲ ಎಂದರು. ಸಮಿತಿ ಒಂದು ವಾರದ ಅವಕಾಶ ಕೊಟ್ಟಿತು.

ನಾನು ಕೇರಿಗೆ ಹೋಗಿ ಕೇಳಿದೆ. ಆರು ಮನೆಗಳಲ್ಲಿ ಯಾರೂ ಬರುವುದಿಲ್ಲ ಎನ್ನಲಿಲ್ಲ. ಬರುತ್ತೇವೆ ಎಂದೂ ಹೇಳಲಿಲ್ಲ. ನಾಟಿ ಇದೆ ಎಂದರು, ಮಳೆ ಎಂದರು, ಮನೆಯಲ್ಲಿ ಹುಷಾರಿಲ್ಲ ಎಂದರು. ಬಸಳೆ ಚಪ್ಪರದ ಮನೆಯವಳು, ಹಿಲ್ಲೂರವರು ಬರುವ ಗುರುವಾರ ಮನೆ ನೋಡಲು ಬರುತ್ತಿದ್ದಾರೆ ಎಂದಳು. ವಾರದ ಗಡುವು ಮುಗಿಯುತ್ತಿದ್ದದ್ದೂ ಅದೇ ಗುರುವಾರ.

ಆ ಗುರುವಾರ ಹಿಲ್ಲೂರಿನವರು ಬಂದರು. ಹೆಣ್ಣಿನ ಅಪ್ಪ ಬಾವಿಯಿಂದ ತಾನೇ ಒಂದು ಕೊಡ ಸೇದಿ ಬೊಗಸೆಯಲ್ಲಿ ಕುಡಿದ ಎಂದು ಆಮೇಲೆ ಕೇಳಿದೆ. ಎರಡು ವಾರ ಮಳೆ ಬಿದ್ದಿತ್ತು. ಮಳೆಗಾಲದಲ್ಲಿ ಆ ಕೇರಿಯ ಎಲ್ಲ ಬಾವಿಗಳ ಮೇಲ್ಪದರದ ನೀರೂ ಸಿಹಿ.

ಸಮಿತಿಯ ಆದೇಶ ಒಂದೇ ಪುಟದ್ದು. ಫೆಬ್ರವರಿಯ ಫಲಿತಾಂಶ ಮಾದರಿ ಸಂಗ್ರಹವನ್ನು ಕಲಿಯುತ್ತಿದ್ದ ಅವಧಿಯದು. ನಂತರದ ಮೂರು ತಿಂಗಳ ಫಲಿತಾಂಶಗಳು ಸ್ಥಿರವಾಗಿವೆ. ಮೇ ತಿಂಗಳ ಎರಡನೆಯ ಸಂಗ್ರಹ ಏಕಪಕ್ಷೀಯ. ಪರವಾನಗಿ ಮುಂದುವರಿಯಿತು.

ಮದುವೆ ಚಳಿಗಾಲದಲ್ಲಾಯಿತು. ನನ್ನನ್ನು ಕರೆದಿದ್ದರು, ಹೋಗಿದ್ದೆ. ಊಟಕ್ಕೆ ಕೂತಾಗ ಅವಳು ಸಾಲಿನ ನಡುವೆ ಬಂದು ನನ್ನ ಎದುರು ನಿಂತಳು. ಹೊಸ ಸೀರೆ, ತಲೆಯಲ್ಲಿ ಅಬ್ಬಲಿಗೆ.

"ಸಾರಿಗೆ ಉಪ್ಪು ಸಮ ಅದ್ಯಾ ಅಕ್ಕೋರೆ? ನೀವು ಹೇಳಿದ್ರೇ ಸೈ."

ಪಕ್ಕದ ಸಾಲಿನವರೂ ನಕ್ಕರು. ಸಮ ಇದೆ ಎಂದೆ. ಅಡುಗೆಯ ನೀರನ್ನೆಲ್ಲ ಮೇಲಿನ ಬಾವಿಯಿಂದ ಹಿಂದಿನ ದಿನವೇ ಹೊತ್ತು ಪೀಪಾಯಿಗಳಲ್ಲಿ ತುಂಬಿಟ್ಟಿದ್ದರು.

ಮರುವರ್ಷ ಏಪ್ರಿಲಿನಲ್ಲಿ ಬೇರೊಂದು ಕೆಲಸಕ್ಕೆ ಆ ಕಡೆ ಹೋದಾಗ ಗುಡ್ಡದ ದಾರಿಯಲ್ಲಿ ಸೊಸೆ ಸಿಕ್ಕಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ನಿಂತಳು.

"ನೀವೇ ಅಲ್ಲಾ ಬಾಟ್ಲಿ ಅಕ್ಕೋರು?"

ಹೌದೆಂದೆ.

"ಬಾಂವಿ ನೋಡೂಕೆ ಮುಂಚೆ ನಮ್ಮಪ್ಪ ಪಂಚಾಯ್ತಿಗೆ ಹೋಗಿ ಬೋರ್ಡ್ ಓದ್ಕಂಡು ಬಂದಿದ್ದ. ಹಸ್ರು ಅದೆ, ಸೀಲ್ ಅದೆ, ಕಾರ್ವಾರದವ್ರು ಸುಳ್ಳು ಬರಿಯೂಲಾ ಅಂದ."

ಅವಳ ಅತ್ತೆ ಕೆಳಗಿನಿಂದ ಬರುತ್ತಿದ್ದಳು. ಕೇಳಿಸಿಕೊಂಡಿರಬೇಕು. "ಅಕ್ಕೋರಿಗೆ ಯೆಂತಕೆ ಹೇಳ್ತೆ? ಬಾಟ್ಲಿ ತುಂಬದ್ದು ನಾನು. ಬೈಯೂದಾದ್ರೆ ನಂಗೆ ಬೈ. ನಡಿ, ಬಿಸ್ಲೇರ್ತು."

ಸೊಸೆ ಬೈಯಲಿಲ್ಲ. ಕೊಡ ಸರಿಮಾಡಿಕೊಂಡು ಇಳಿದು ಹೋದಳು.

ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವಿದೆಯಲ್ಲ, ಅದನ್ನು ಯಾಕೆ ತರಬಾರದು ಎಂದು ಆ ವರ್ಷಗಳಲ್ಲಿ ನನ್ನನ್ನು ಕೇಳದವರಿಲ್ಲ. ಮರಳು, ಇದ್ದಿಲು ಹಾಕಿದ ಸೋಸುಕ ಕೊಟ್ಟರೆ ಸಾಕಲ್ಲವೇ ಎಂದವರೂ ಇದ್ದರು. ಮರಳಿಗೂ ಇದ್ದಿಲಿಗೂ ಉಪ್ಪು ಸಿಗುವುದಿಲ್ಲ. ಯಂತ್ರಕ್ಕೆ ಸಿಗುತ್ತದೆ. 2006ರಲ್ಲಿ ಪಂಚಾಯಿತಿಯ ಹಿಂದೆ ತಗಡಿನ ಕೋಣೆ ಕಟ್ಟಿ ಒಂದು ಸಣ್ಣ ಘಟಕ ಹಾಕಿದೆವು. ಅದರ ನಕ್ಷೆ ನನ್ನದು. ನನ್ನ ಕೆಲಸದ ಅಷ್ಟು ವರ್ಷಗಳಲ್ಲಿ ಅಳೆಯುವುದನ್ನು ಬಿಟ್ಟು ಏನನ್ನಾದರೂ ಕಟ್ಟಿದ್ದು ಅದೊಂದೇ.

ಘಟಕ ಸಿಹಿನೀರು ಕೊಟ್ಟಿತು. ಒಳಗೆ ಹೋದ ನೀರಿನ ಒಂದು ಭಾಗ ಸಿಹಿಯಾಗಿ ಬಂದರೆ, ಉಳಿದದ್ದು ಮೊದಲಿಗಿಂತ ಹೆಚ್ಚು ಉಪ್ಪಾಗಿ ಇನ್ನೊಂದು ನಳಿಕೆಯಿಂದ ಬರುತ್ತದೆ. ಅದನ್ನು ಹೊಳೆಗೆ ಬಿಡಲು ಕೊಳವೆ ಹಾಕಬೇಕೆಂದು ನಕ್ಷೆಯಲ್ಲಿತ್ತು. ಕೊಳವೆ ಹೋಗಬೇಕಾದ ಏರಿ ಗುತ್ತಿಗೆದಾರನದು, ಅವನು ಒಪ್ಪಲಿಲ್ಲ. ಆ ನೀರು ಪಂಚಾಯಿತಿಯ ಹಿಂದಿನ ಕಾಲುವೆಗೆ ಬಿತ್ತು. ಕಾಲುವೆ ಇಳಿದು ಹೋಗುವುದು ಬಸಳೆ ಚಪ್ಪರದ ಪಕ್ಕದಲ್ಲೇ.

ಒಂದು ದಿನ ಅವಳು ಕಾರವಾರಕ್ಕೇ ಬಂದಳು. ಪ್ರಯೋಗಾಲಯದ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಕರೆದಾಗ ಪ್ಲಾಸ್ಟಿಕ್ ಚೀಲದಿಂದ ಒಂದು ಬಸಳೆಯ ಬಳ್ಳಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಬುಡದಿಂದ ಮೇಲಕ್ಕೆ ಕಪ್ಪಾಗಿತ್ತು.

"ಕುಡೂಕೆ ಸಿಹಿ ಬಂತು. ಬೆಳಿಯೂಕೆ ಹೋಯ್ತು. ಒಂದು ಕೊಟ್ಟು ಒಂದು ತಗಂಬುದಾ ನಿಮ್ಮ ಮಿಷಿನ್ನು?"

ಹೌದು, ಹಾಗೆಯೇ ಎಂದೆ. ಚಹಾ ತರಿಸಿದೆ. ಅವಳು ಕುಡಿದು, "ಚಾ ಬೇಷಿತ್ತು," ಎಂದು ಎದ್ದಳು. ಬಳ್ಳಿಯನ್ನು ಅಲ್ಲೇ ಬಿಟ್ಟು ಹೋದಳು.

ಘಟಕ ಆ ಒಂದು ಬೇಸಿಗೆ ಮಾತ್ರ ಓಡಿತು. ಮಳೆಗಾಲದ ನಂತರ ಅದರೊಳಗಿನ ಉಪ್ಪು ಸೋಸುವ ಪೊರೆಗಳು ಕಟ್ಟಿಕೊಂಡವು. ಬದಲಿಸಲು ಪಂಚಾಯಿತಿ ನಮಗೆ ಬರೆಯಿತು, ನಾವು ಮೇಲಿನವರಿಗೆ ಬರೆದೆವು. ಕೋಣೆಗೆ ಬೀಗ ಬಿತ್ತು. ಅವಳು ತರಕಾರಿ ಬೆಳೆಯುವುದನ್ನು ಬಿಟ್ಟಳು. ಬೇರೆಯವರು ಬೆಳೆದದ್ದನ್ನು ತಂದು ಪೇಟೆಯಲ್ಲಿ ಅದೇ ಜಾಗದಲ್ಲಿ ಕೂತು ಮಾರತೊಡಗಿದಳು. ಚಪ್ಪರದ ಗಳುಗಳನ್ನು ಮಗ ಕಿತ್ತು ಕೊಟ್ಟಿಗೆಗೆ ಬಳಸಿದ. ಕೇರಿಯ ಮನೆಗಳಷ್ಟೇ ಅಲ್ಲ, ಪಕ್ಕದ ಕೇರಿಯವರೂ ಮೇಲಿನ ಬಾವಿಗೆ ಬರತೊಡಗಿದರು. ಆಮೇಲೆ ಅದಕ್ಕೆ ಪಂಪು ಹಾಕಿದರು. ಗುಡ್ಡದ ಬುಡದ ಬಾವಿಯಾದರೂ ಅದರ ತಳ ಹೊಳೆಯ ಮಟ್ಟಕ್ಕಿಂತ ಕೆಳಗೆ ಇದೆ, ಅಷ್ಟು ನೀರೆತ್ತಿದರೆ ಅದಕ್ಕೂ ಉಪ್ಪು ಬರುತ್ತದೆ ಎಂದು ನಾನು ಬರೆದು ಕಳಿ‌ಸಿದೆ. ಸ್ವೀಕೃತಿ ಬಂತು.

ಬಾವಿ ನೀರಿನ ಯೋಜನೆ ಮುಗಿಯಿತು. ಫಲಕದಲ್ಲಿ ಈಗ ಬೇರೆ ನೋಟಿಸುಗಳಿವೆ. ಸಿಗಡಿಗೆ ರೋಗ ಬಂದು ಗುತ್ತಿಗೆದಾರ ಎರಡು ಹೊಂಡಗಳನ್ನು ಕೈಬಿಟ್ಟ. ಅವುಗಳಲ್ಲಿ ಉಪ್ಪುನೀರು ಹಾಗೆಯೇ ನಿಂತಿದೆ. ಅಲ್ಲಿ ಮತ್ತೆ ಕಗ್ಗ ಬಿತ್ತಲು ಒಬ್ಬರು ನೋಡಿದರು, ಮೊಳಕೆ ಬರಲಿಲ್ಲ.

2009ರ ಏಪ್ರಿಲಿನಲ್ಲಿ ಅಂಕೋಲೆಯ ಬಸ್ಸಿನ ಕಂಡಕ್ಟರ್ ಪ್ರಯೋಗಾಲಯದ ಬಾಗಿಲಲ್ಲಿ ಒಂದು ಬಾಟಲಿ ಕೊಟ್ಟುಹೋದರು. ನಮ್ಮದೇ ಹಳೆಯ ಬಾಟಲಿ. ಸೊಸೆ ಕಳಿಸಿದ್ದು ಎಂದರು. ಹಳೆಯ ಚೀಟಿಯಲ್ಲಿದ್ದ ಮನೆಯ ಹೆಸರನ್ನು ಹೊಡೆದು, ಪೆನ್ನಿನಿಂದ 'ಮೇಲಿನ ಬಾವಿ' ಎಂದು ಬರೆದಿತ್ತು. ಕಂಠದವರೆಗೆ ತುಂಬಿತ್ತು, ಗಾಳಿ ಇರಲಿಲ್ಲ.

ಪರೀಕ್ಷೆಗೆ ಹಚ್ಚಿದೆ. ನೀರು ಬೆಳ್ಳಗೆ ಒಡೆಯಿತು. ಇಟ್ಟಿಗೆಯ ಬಣ್ಣ ಬರಲು ಬಹಳ ಹೊತ್ತು ಹಿಡಿಯಿತು. ಫಲಿತಾಂಶವನ್ನು ಅದೇ ಕಂಡಕ್ಟರ್ ಕೈಯಲ್ಲಿ ಕಳಿಸಿದೆ.

ಮೇ ತಿಂಗಳಿನಿಂದ ಆ ಕೇರಿಗೆ ಅಂಕೋಲೆಯಿಂದ ಟ್ಯಾಂಕರಿನಲ್ಲಿ ನೀರು ಬರುತ್ತಿದೆ.